ನಾಲ್ಕು ಗಂಟೆಯ ಸುಳ್ಳು ಸೆಕೆ

ಮಂಗಳವಾರ ಸಂಜೆ 4 ಗಂಟೆ 52 ನಿಮಿಷಕ್ಕೆ 35.4 ಡಿಗ್ರಿ. 5 ಗಂಟೆ 3 ನಿಮಿಷಕ್ಕೆ 24.6. ಹನ್ನೊಂದು ನಿಮಿಷದಲ್ಲಿ ಹತ್ತಿರ ಹತ್ತಿರ ಹನ್ನೊಂದು ಡಿಗ್ರಿ! ತಿಪಟೂರಿನ ನಮ್ಮ ತಾರಸಿಯ ಮೇಲಿನ ಪುಟ್ಟ ಹವಾಮಾನ ಕೇಂದ್ರ ಗುಡುಗು ಮಳೆಯ ಗಾಳಿಗೆ ಬರೆದ ಈ ಕಡಿದಾದ ಗೆರೆಗಾಗಿ ನಾನು ಮೂರು ಬೇಸಿಗೆ ಕಾದಿದ್ದೇನೆ. ಅಂದು ರಾತ್ರಿ ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಇಎಸ್‌ಪಿ32 ಎಂಬ ಪುಟ್ಟ ಗಣಕ ಚಿಪ್, ಉಷ್ಣಾಂಶ, ತೇವಾಂಶ, ಒತ್ತಡ ಮೂರನ್ನೂ ಅಳೆಯುವ ಬಿಎಂಇ280 ಸಂವೇದಕ, ನೀರು ತುಂಬಿದಾಗಲೆಲ್ಲ ವಾಲುವ ಮಳೆಮಾಪಕದ ತೊಟ್ಟಿಲು, ಆ ವಾಲಿಕೆಯನ್ನು ಎಣಿಸುವ ಕಾಂತಸ್ವಿಚ್ಚು ಇವುಗಳ ಜೋಡಣೆಯನ್ನು ಇಲ್ಲಿ ವಿವರಿಸುವುದಿಲ್ಲ. ಇದನ್ನು ಓದುವವರೆಲ್ಲ ಒಮ್ಮೆಯಾದರೂ ಅವನ್ನು ಬೆಸೆದವರೇ. ಹೋದ ವರ್ಷ ಹೂಕುಂಡದ ತಟ್ಟೆಗಳನ್ನು ಒಂದರ ಮೇಲೊಂದು ಪೋಣಿಸಿ ಸಂವೇದಕಕ್ಕೆಂದು ಮಾಡಿದ ನೆರಳುಗೂಡಿಗೆ ಗಾಳಿ ಎಳೆಯುವ ಸಣ್ಣ ಫ್ಯಾನ್ ಹಾಕಿದ ಮೇಲೆ ಉಷ್ಣಾಂಶದ ಬದಲಾವಣೆ ತಡವಾಗಿ ದಾಖಲಾಗುವ ತೊಂದರೆಯೂ ನಿಂತಿತ್ತು. ಈ ವರ್ಷ ಕಾಡಿದ್ದು ಬೇರೆಯೇ.

ಏಪ್ರಿಲ್ ಎರಡನೆಯ ವಾರದಿಂದ ಪ್ರತಿದಿನ ಮೂರೂವರೆಯಿಂದ ನಾಲ್ಕೂವರೆಯ ನಡುವೆ ನನ್ನ ಸಂವೇದಕ ಹುಚ್ಚು ಹಿಡಿದಂತೆ ಏರುತ್ತಿತ್ತು. ಬೇವಿನ ಮರದ ನೆರಳಿನಲ್ಲಿ ತೂಗುಹಾಕಿದ ಗಾಜಿನ ಉಷ್ಣಮಾಪಕದಲ್ಲಿ 36 ಇದ್ದರೆ ಇದರಲ್ಲಿ 39. ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಎರಡಕ್ಕೂ ಅರ್ಧ ಡಿಗ್ರಿಯ ವ್ಯತ್ಯಾಸವೂ ಇರುತ್ತಿರಲಿಲ್ಲ. ಬಿಸಿಲಿನ ದೋಷವಾದರೆ ಹನ್ನೆರಡಕ್ಕೆ ಕಾಣಬೇಕು. ಸುಟ್ಟ ತಾರಸಿಯ ಕಾವಾದರೆ ಸಂಜೆ ಆರರವರೆಗೂ ಉಳಿಯಬೇಕು. ಇದು ಗಡಿಯಾರ ನೋಡಿಕೊಂಡು ಬಂದು ಹೋಗುವ ಜ್ವರ.

ಇದನ್ನು ಸಹಿಸಿಕೊಂಡು ಸುಮ್ಮನಿರಲು ಸಾಧ್ಯವಿರಲಿಲ್ಲ. ಮುಂಗಾರು ಪೂರ್ವದ ದಿನಗಳಲ್ಲಿ ಮುನ್ನೋಟಗಳು ಹೇಳುವುದೇ ಎರಡು ಸಂಗತಿಗಳನ್ನು: ಗುಡುಗು ಸಹಿತ ಮಳೆ, ಗರಿಷ್ಠ ಉಷ್ಣಾಂಶದಲ್ಲಿ ಎರಡು ಮೂರು ಡಿಗ್ರಿ ಇಳಿಕೆ. ನನಗೆ ಬೇಕಾದದ್ದು ಆ ಎರಡನೆಯದು. ಮಳೆಯಾದ ಮಾರನೆಯ ದಿನ ನಮ್ಮೂರು ನಿಜಕ್ಕೂ ಎಷ್ಟು ತಂಪಾಗುತ್ತದೆ, ಆ ತಂಪು ಎಷ್ಟು ದಿನ ನಿಲ್ಲುತ್ತದೆ? ಉಪಕರಣವೇ ಮೂರು ಡಿಗ್ರಿ ಸುಳ್ಳು ಹೇಳಿದರೆ ಮೂರು ಡಿಗ್ರಿಯ ತಂಪನ್ನು ಎಲ್ಲಿ ಹುಡುಕಲಿ? ತಿಂಗಳ ಮೊದಲ ಮಳೆಯ ಮರುದಿನವೂ ಅದು ನಾಲ್ಕು ಗಂಟೆಗೆ 38 ತೋರಿಸಿತು. ಒದ್ದೆ ಮಣ್ಣಿನ ಮೇಲೆ ನಿಂತು ಆ ಅಂಕಿಯನ್ನು ನೋಡಿದಾಗ ಬಂದ ಸಿಟ್ಟು ಇನ್ನೂ ನೆನಪಿದೆ.

ಮೊದಲು ಅನುಮಾನಿಸಿದ್ದು ಸಂವೇದಕವನ್ನೇ. ಸೆಕೆಂಡಿಗೊಮ್ಮೆ ಓದಿಸಿದರೆ ಬಿಎಂಇ280 ತಾನೇ ತುಸು ಬಿಸಿಯಾಗುತ್ತದೆ. ನಿಮಿಷಕ್ಕೊಮ್ಮೆ ಎಚ್ಚರಗೊಂಡು ಅಳೆದು ಮಲಗುವಂತೆ ಪ್ರೋಗ್ರಾಂ ಬರೆದೆ. ಇಡೀ ದಿನದ ಗೆರೆ ಅರ್ಧ ಡಿಗ್ರಿ ಕೆಳಗಿಳಿಯಿತು; ನಾಲ್ಕು ಗಂಟೆಯ ಗೂನು ಹಾಗೆಯೇ ಉಳಿಯಿತು. ಸಂವೇದಕವನ್ನೇ ಬದಲಿಸೋಣವೆಂದು ಹೊಸದನ್ನು ತರಿಸಿದೆ. ಇಲ್ಲಿ ಒಂದು ದೂರು ದಾಖಲಿಸಲೇಬೇಕು. ಬಿಎಂಇ280 ಎಂದು ಹಣ ಪಡೆದು ಬಿಎಂಪಿ280 ಕಳುಹಿಸುವ ಮಾರಾಟಗಾರರಿಗೆ ಇದೊಂದು ಅಕ್ಷರದ ಮಾತು. ನಮಗೆ ತೇವಾಂಶವನ್ನೇ ಅಳೆಯದ ಕೇಂದ್ರ. ತೇವಾಂಶ ಇಲ್ಲದಿದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗಿ ಕಟ್ಟತೊಡಗುವ ಉಷ್ಣಾಂಶ) ಇಲ್ಲ, ಅದಿಲ್ಲದೆ ಗುಡುಗಿನ ಅಂದಾಜೂ ಇಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ಚಿಪ್‌ನ ಗುರುತಿನ ಸಂಖ್ಯೆ ಓದಿಸಿ: ಹೆಕ್ಸ್ (ಹದಿನಾರರ ಎಣಿಕೆಯಲ್ಲಿ) 60 ಬಂದರೆ ಸರಿ, 58 ಬಂದರೆ ಹಿಂದಿರುಗಿಸಿ. ನನಗೆ ಎರಡು ಸಲವೂ 58 ಬಂತು. ಹತ್ತು ದಿನ ಮಣ್ಣುಪಾಲು.

ಬಿಳಿ ಬಣ್ಣ ಇನ್ನೊಂದು ಪದರ ಬಳಿದೆ. ಫ್ಯಾನ್ ತಿರುಗಿಸಿ ಹಾಕಿದೆ. ಗೂಡು ನಿಂತ ಕಂಬವನ್ನು ಒಂದಡಿ ಎತ್ತರಿಸಿದೆ. ಗೂನು ಇನ್ನೂ ಎತ್ತರವಾಯಿತು!

ಉತ್ತರ ಕೊಟ್ಟವರು ಅಮ್ಮ. ಅಕ್ಕಿ ಸಂಡಿಗೆ ಒಣಗಿಸಲು ತಾರಸಿಗೆ ಬಂದವರು, ನಾನು ಕಂಬದ ಬುಡದಲ್ಲಿ ಕುಳಿತದ್ದನ್ನು ನೋಡಿ, “ನಾಲ್ಕು ಗಂಟೆಗೆ ಆ ಮೂಲೆಯಲ್ಲಿ ಕಣ್ಣು ಬಿಡುವುದಕ್ಕೆ ಆಗುವುದಿಲ್ಲ ಕಣೋ. ಆದರೆ ಅಲ್ಲಿಟ್ಟ ಸಂಡಿಗೆ ಬೇಗ ಒಣಗುತ್ತದೆ” ಎಂದರು. ನಾಲ್ಕಕ್ಕೆ ಅಲ್ಲೇ ನಿಂತು ಪಡುವಣಕ್ಕೆ ನೋಡಿದೆ. ಕಣ್ಣು ಕುಕ್ಕಿತು. ಕೆಳಗೆ, ಜನವರಿಯಲ್ಲಿ ಹಂಚು ತೆಗೆದು ಹೊದಿಸಿದ ಕೊಟ್ಟಿಗೆಯ ಹೊಸ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು.

ತಟ್ಟೆಗಳ ಗೂಡು ಮೇಲಿನಿಂದ ಬೀಳುವ ಬಿಸಿಲಿಗೆ ಛತ್ರಿ. ಕೆಳಗಿನಿಂದ ಓರೆಯಾಗಿ ಏರಿ ಬರುವ ಬೆಳಕಿಗೆ ಅದರ ಪ್ರತಿ ಸಂದೂ ತೆರೆದ ಬಾಗಿಲು. ಜನವರಿಯಲ್ಲಿ ಸಂಜೆಯ ಸೂರ್ಯ ನೈಋತ್ಯದಲ್ಲಿದ್ದುದರಿಂದ ತಗಡಿನ ಹೊಳಪು ಈಶಾನ್ಯದ ಕಡೆಗೆ, ನಮ್ಮ ತೋಟದ ಮೇಲೆ ಬೀಳುತ್ತಿತ್ತು. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನವೂ ಆಗಲೇ. ಸಂಜೆಗೆ ಹೆಚ್ಚುಕಡಿಮೆ ಪಶ್ಚಿಮಕ್ಕೇ ಇಳಿಯುತ್ತಾನೆ. ಕೊಟ್ಟಿಗೆ ಕಂಬದ ನೇರ ಪಶ್ಚಿಮಕ್ಕಿದೆ.

ಏಣಿ ಹಾಕಿ, ತಗಡಿನ ಮೇಲೆ ತೆಂಗಿನ ಸೋಗೆ ಹರಡಿ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದೆ. ತಿಪಟೂರಿನಲ್ಲಿ ಸೋಗೆಗೆ ಬರವೇ? ಹತ್ತು ನಿಮಿಷದಲ್ಲಿ 2.8 ಡಿಗ್ರಿ ಇಳಿಯಿತು. ಹಸುಗಳಿಗೂ ನೆಮ್ಮದಿಯಾಯಿತು, ಅದು ನನಗೆ ಉಷ್ಣಾಂಶದಷ್ಟೇ ಸಂತೋಷ ಕೊಟ್ಟಿತು.

ಇದಾದ ಎರಡೇ ದಿನಕ್ಕೆ ಮಂಗಳವಾರದ ಮಳೆ. ಹಿಂದಿನ ವಾರವೆಲ್ಲ 14ರ ಆಸುಪಾಸಿನಲ್ಲಿದ್ದ ಇಬ್ಬನಿ ಬಿಂದು ಅಂದು ಮಧ್ಯಾಹ್ನ 20ಕ್ಕೆ ಬಂದಿತ್ತು. ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿ ಒಳನಾಡಿಗೆ ನುಗ್ಗಿದ್ದರ ಗುರುತು ಅದು. ನಾಲ್ಕು ಗಂಟೆಗೆ ವಾಯುವ್ಯದಲ್ಲಿ ಹೂಕೋಸಿನಂಥ ಮೋಡ. ಗಾಳಿಯೊತ್ತಡ ದಿನದಲ್ಲಿ ಅತಿ ಕಡಿಮೆ ಇರುವುದು ಸಂಜೆ ನಾಲ್ಕರಿಂದ ಐದರ ಹೊತ್ತಿನಲ್ಲಿ. ಆ ಹೊತ್ತಿನಲ್ಲೇ ಅದು ಒಮ್ಮೆಗೇ 1.8 ಹೆಕ್ಟೋಪಾಸ್ಕಲ್ ಜಿಗಿಯಿತು. ಮೋಡದಿಂದ ಬೀಳುವ ಹನಿಗಳು ದಾರಿಯಲ್ಲೇ ಆವಿಯಾಗುತ್ತ ಗಾಳಿಯ ಶಾಖವನ್ನು ಹೀರುತ್ತವೆ. ತಂಪಾಗಿ ತೂಕ ಹೆಚ್ಚಿದ ಆ ಗಾಳಿ ನೆಲಕ್ಕೆ ಅಪ್ಪಳಿಸಿ ನಾಲ್ಕೂ ಕಡೆ ಹರಡುತ್ತದೆ. ಒತ್ತಡ ಏರುವುದು, ಧೂಳು ಏಳುವುದು, ಚಳಿಯೆನಿಸುವುದು ಎಲ್ಲವೂ ಅದರಿಂದಲೇ. ಮೊದಲ ಹನಿ ಬಿದ್ದದ್ದು ಗಾಳಿ ಬಂದ ಏಳು ನಿಮಿಷದ ಮೇಲೆ. ಸಿಡಿಲಿನ ಹೊತ್ತಿನಲ್ಲಿ ತಾರಸಿ ಹತ್ತಬಾರದೆಂಬ ನಿಯಮವನ್ನು ಮನೆಯಲ್ಲಿ ನಾನೇ ಮಾಡಿದ್ದರಿಂದ ಎಲ್ಲವನ್ನೂ ಮೊಬೈಲಿನಲ್ಲೇ ನೋಡಿದೆ. ಒಟ್ಟು 23 ಮಿಲಿಮೀಟರ್.

ನಿಜವಾದ ಉತ್ತರ ಸಿಕ್ಕಿದ್ದು ಮರುದಿನ. ಮಂಗಳವಾರದ ಗರಿಷ್ಠ 35.9, ಬುಧವಾರ 32.3, ಗುರುವಾರ 33.8, ಇಂದು 35. ಸಂಜೆಯ ಚಳಿಗಾಳಿ ಒಂದು ಗಂಟೆಯ ಅತಿಥಿ. ಬುಧವಾರದ ತಂಪು ಬೇರೆ ಜಾತಿಯದು: ಬಿಸಿಲಿನ ಬಹುಪಾಲು ಒದ್ದೆ ಮಣ್ಣನ್ನು ಒಣಗಿಸುವುದಕ್ಕೇ ಖರ್ಚಾಗುತ್ತದೆ. ಮಣ್ಣು ಒಣಗಿದಂತೆ ಸೆಕೆ ದಿನಕ್ಕೆ ಒಂದರಿಂದ ಒಂದೂವರೆ ಡಿಗ್ರಿಯಂತೆ ಮರಳಿ ಬರುತ್ತಿರುವುದನ್ನು ನನ್ನದೇ ಅಂಗಳದ ಗೆರೆಯಲ್ಲಿ ಮೊದಲ ಬಾರಿಗೆ ನೋಡಿದೆ.

ಸೋಗೆ ತಾತ್ಕಾಲಿಕ. ಹುಲ್ಲಿನ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿ, ಕೊಟ್ಟಿಗೆಯಿಂದ ದೂರ ಹೊಸ ಕಂಬ ನೆಡುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಆಸೆ: ಆಲಿಕಲ್ಲಿನ ಹಲಗೆ. ದಪ್ಪ ಥರ್ಮೊಕೋಲಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ಬಯಲಿನಲ್ಲಿಟ್ಟರೆ ಪ್ರತಿ ಕಲ್ಲೂ ತನ್ನ ಗುಳಿ ಬಿಟ್ಟು ಹೋಗುತ್ತದೆ. ಗುಳಿಯ ಅಗಲದಿಂದ ಕಲ್ಲಿನ ಗಾತ್ರ. ವಿದ್ಯುತ್ ಬೇಡ, ಚಿಪ್ ಬೇಡ, ಯಾವ ಮಾರಾಟಗಾರನೂ ಬೇಡ. ಅಳತೆ ಹೊಂದಿಸಲು ಬೇರೆ ಬೇರೆ ಗಾತ್ರದ ಗೋಲಿಗಳನ್ನು ತಾರಸಿಯಿಂದ ಬೀಳಿಸಿ ನೋಡುತ್ತಿದ್ದೇನೆ.

ಅಶ್ವಿನಿ ಮುಗಿಯಲು ಇನ್ನು ಮೂರು ದಿನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಅಮ್ಮ ಈಗಾಗಲೇ ದಿನ ಎಣಿಸುತ್ತಿದ್ದಾರೆ. ಇಬ್ಬನಿ ಬಿಂದು ಇಂದು ಮಧ್ಯಾಹ್ನ 17ಕ್ಕೆ ಇಳಿದಿತ್ತು, ಸಂಜೆ ಮತ್ತೆ 19. ಪೂರ್ವದ ಗಾಳಿ ಹೀಗೆಯೇ ಬೀಸಿದರೆ ಭಾನುವಾರ, ಸೋಮವಾರದ ಸಂಜೆಗಳಲ್ಲಿ ಮತ್ತೆ ಗುಡುಗು ಎಂಬುದು ನನ್ನ ಅಂದಾಜು. ಹಲಗೆಯನ್ನು ನಾಳೆಯೇ ಹೊರಗಿಡುತ್ತೇನೆ.