ಗೋಡೆಯ ಮೇಲಿನ ಎರಡು ಮೊಳೆ

ವಿಮಾ ಸರ್ವೆಯರ್ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಸುಟ್ಟ ಅಂಗಡಿ, ಗೋದಾಮುಗಳ ಬೂದಿ ತುಳಿದು ಸವೆಸಿದ ಚಪ್ಪಲಿಗಳಿಗೆ ಲೆಕ್ಕವಿಲ್ಲ. 'ಹೇಗಾಯಿತು?' ಎಂದು ಕೇಳಿದರೆ ಮಾಲೀಕರು ಮೀಟರ್ ಬೋರ್ಡಿನ ಕಡೆ ಕೈ ತೋರಿಸಿ 'ಶಾರ್ಟ್ ಸರ್ಕ್ಯೂಟ್ ಸರ್' ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ನಮ್ಮ ಪೇಟೆಗಳ ವೈರಿಂಗ್ ನೋಡಿದವರಿಗೆ, ಬೆಂಕಿ ದಿನವೂ ಬೀಳುವುದಿಲ್ಲವಲ್ಲ ಎಂಬುದೇ ಆಶ್ಚರ್ಯ.

ಒಮ್ಮೆ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಬೆಂಕಿ ಬಿದ್ದಾಗ ಗೋಡೆಗೆ ಏನಾದರೂ ತೂಗುಹಾಕಿದ್ದರೆ ಅದರ ಹಿಂದಿನ ಜಾಗ ಮಸಿ ಹಿಡಿಯದೆ ಉಳಿಯುತ್ತದೆ. ಆಮೇಲೆ ಫೋಟೊ ಸುಟ್ಟು ಕೆಳಗೆ ಬಿದ್ದರೂ ಅದರ ಚೌಕ ಎಷ್ಟೋ ಸಲ ಅಲ್ಲೇ ಇರುತ್ತದೆ. ಇಲ್ಲಿ ಮೊಳೆಗಳ ಸುತ್ತಲೂ ಒಂದೇ ಸಮ ಕಪ್ಪು. 'ಇಲ್ಲಿ ಏನಿತ್ತು?' ಎಂದೆ. 'ಲಕ್ಷ್ಮಿಯದೊಂದು, ನಮ್ಮ ತಂದೆಯವರದೊಂದು. ಫ್ರೇಮ್ ಬದಲಿಸಲು ಕೊಟ್ಟಿದ್ದೆ ಸರ್.' ಎರಡನ್ನೂ ಒಂದೇ ವಾರ! ಅವರ ಕಣ್ಣು ನನ್ನ ಕಣ್ಣಿನಿಂದ ಜಾರಿ ಮತ್ತೆ ಮೀಟರ್ ಬೋರ್ಡಿಗೆ ಹೋಯಿತು. ಮೂರು ವರ್ಷದಿಂದ ಮಾರಾಟವಾಗದ ಸೀರೆಗಳಿಗೆ ಕಡ್ಡಿ ಗೀರಿದ ಕೈಗೆ ಅಪ್ಪನ ಮುಖ ಸುಡಲು ಆಗಿರಲಿಲ್ಲ ಎಂದೇ ನಾನು ತಿಳಿದೆ. ವರದಿಯಲ್ಲಿ ಮೊಳೆಗಳ ವಿಷಯವನ್ನಷ್ಟೇ ಬರೆದೆ, ಉಳಿದದ್ದು ನನ್ನ ಕೆಲಸವಲ್ಲ.

ಮನಃಶಾಸ್ತ್ರ ಓದುತ್ತಿರುವ ತಂಗಿಯ ಮಗಳಿಗೆ ಇದನ್ನು ಹೇಳಿ, 'ಬೆಂಕಿ ಇಡುವ ಹುಚ್ಚಿಗೆ ಪೈರೋಮೇನಿಯಾ ಅನ್ನುತ್ತಾರಲ್ಲ, ಅಂಥವರು ನನಗೆ ಒಬ್ಬರೂ ಸಿಕ್ಕಿಲ್ಲ' ಎಂದೆ. ಅವಳು ನಕ್ಕಳು. 'ಸಿಗುವುದೂ ಕಷ್ಟ ಮಾಮಾ.' ಹಣಕ್ಕಲ್ಲ, ಸೇಡಿಗಲ್ಲ, ಕುಡಿದ ಅಮಲಿನಲ್ಲೂ ಅಲ್ಲ. ಹಚ್ಚುವ ಮೊದಲು ಒಳಗೆ ಬಿಗಿತ, ಹಚ್ಚಿದ ಮೇಲೆ ಸುಖ, ಇಷ್ಟೇ ಕಾರಣವಾಗಿದ್ದರೆ ಮಾತ್ರ ಆ ಹೆಸರು ಕೊಡುತ್ತಾರಂತೆ. ಫಿನ್‌ಲ್ಯಾಂಡಿನಲ್ಲಿ ಮತ್ತೆ ಮತ್ತೆ ಬೆಂಕಿ ಇಟ್ಟ 90 ಗಂಡಸರ ಕಡತಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಅಳತೆಗೆ ಪೂರ್ತಿ ಹೊಂದಿದವರು ಮೂರೇ ಮಂದಿ.

ಜಾನ್ ಓರ್‌ನ ಕಥೆ ಹೇಳಿದ್ದೂ ಅವಳೇ. ಅದನ್ನು ಕೇಳಿದ ಮೇಲೆ ವಾರಗಟ್ಟಲೆ ನಾನು ಅದೇ ಗುಂಗಿನಲ್ಲಿದ್ದೆ.

ಓರ್ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಅಗ್ನಿಶಾಮಕ ಇಲಾಖೆಯ ಅಧಿಕಾರಿ. ಬೆಂಕಿ ಹೇಗೆ ಹತ್ತಿತೆಂದು ತನಿಖೆ ಮಾಡುವುದೇ ಅವನ ಕೆಲಸ, ಎಂದರೆ ಹೆಚ್ಚುಕಡಿಮೆ ನನ್ನದೇ ಕಸುಬು. ಪೊಲೀಸನಾಗಲು ಬಯಸಿ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದ್ದ; ಅವರು ತೆಗೆದುಕೊಂಡಿರಲಿಲ್ಲ. 1984ರ ಅಕ್ಟೋಬರ್ 10ರ ಸಂಜೆ ಸೌತ್ ಪ್ಯಾಸಡೀನಾದಲ್ಲಿ ಮನೆ ಸಾಮಗ್ರಿಗಳನ್ನು ಮಾರುವ ದೊಡ್ಡ ಅಂಗಡಿಯೊಂದು ಹೊತ್ತಿ ಉರಿಯಿತು. ಇಬ್ಬರು ನೌಕರರು, ಒಬ್ಬ ಅಜ್ಜಿ, ಆಕೆಯ 2 ವರ್ಷದ ಮೊಮ್ಮಗ ಸತ್ತರು. ತನಿಖೆಯವರು ವಿದ್ಯುತ್ ದೋಷದಿಂದ ಆದ ಆಕಸ್ಮಿಕವೆಂದು ಷರಾ ಬರೆದರು. ಅಲ್ಲಿಯೂ ಅದೇ ಶಾರ್ಟ್ ಸರ್ಕ್ಯೂಟ್! 'ಅಲ್ಲ, ಇದು ಯಾರೋ ಹಚ್ಚಿದ ಬೆಂಕಿ' ಎಂದು ಹಟ ಹಿಡಿದವನು ಓರ್.

1987ರ ಜನವರಿಯಲ್ಲಿ ಫ್ರೆಸ್ನೋದಲ್ಲಿ ಅಗ್ನಿ ತನಿಖಾಧಿಕಾರಿಗಳ ಸಮ್ಮೇಳನ ನಡೆಯಿತು. ಅದೇ ದಿನಗಳಲ್ಲಿ ಫ್ರೆಸ್ನೋಗೆ ಹೋಗುವ ಹೆದ್ದಾರಿಯ ಊರುಗಳ ಅಂಗಡಿಗಳಲ್ಲಿ ಸಾಲುಸಾಲಾಗಿ ಬೆಂಕಿ. ಬೇಕರ್ಸ್‌ಫೀಲ್ಡಿನ ಅಂಗಡಿಯೊಂದರಲ್ಲಿ ಅರೆಸುಟ್ಟ ನೋಟ್‌ಬುಕ್ ಹಾಳೆಯ ಮೇಲೆ ಒಂದು ಬೆರಳಚ್ಚು ಸಿಕ್ಕಿತು. ಅಲ್ಲಿನ ಅಗ್ನಿಶಾಮಕ ಇಲಾಖೆಯ ಕ್ಯಾಪ್ಟನ್ ಮಾರ್ವಿನ್ ಕೇಸಿ ಎಂಬವನಿಗೆ ಅನುಮಾನ ಹೊಕ್ಕಿತು. 1989ರಲ್ಲಿ ಪೆಸಿಫಿಕ್ ಗ್ರೋವ್ ಸಮ್ಮೇಳನದ ಹೊತ್ತಿಗೂ ಹಾಗೆಯೇ ಆದಾಗ, ಎರಡಕ್ಕೂ ಹೋಗಿದ್ದವರನ್ನು ಸೋಸಿ ಹತ್ತು ಹೆಸರುಗಳ ಪಟ್ಟಿ ಮಾಡಿದ. ನಮ್ಮವನೇ ಒಬ್ಬ ಬೆಂಕಿ ಹಚ್ಚುತ್ತಿದ್ದಾನೆ ಎಂದರೆ ಯಾರು ನಂಬುತ್ತಾರೆ? ಮೊದಲ ಸಲ ಬೆರಳಚ್ಚು ಹೋಲಿಸಿದಾಗಲೂ ತಾಳೆಯಾಗಲಿಲ್ಲ. ತಾಳೆಯಾದದ್ದು 1991ರಲ್ಲಿ, ಓರ್‌ನ ಬೆರಳಿಗೆ.

ಅವನನ್ನು ಹಿಡಿದಾಗ ಅವನು ಬರೆದ ಕಾದಂಬರಿಯ ಹಸ್ತಪ್ರತಿಯೂ ಸಾಕ್ಷ್ಯವಾಯಿತು. ಅದರಲ್ಲಿ ಬೆಂಕಿ ಹಚ್ಚುವವನು ಅಗ್ನಿಶಾಮಕ ಸಿಬ್ಬಂದಿ; ಮನೆ ಸಾಮಗ್ರಿಗಳ ಅಂಗಡಿಯ ಬೆಂಕಿಯಲ್ಲಿ ಒಂದು ಪುಟ್ಟ ಹುಡುಗ ಸಾಯುತ್ತಾನೆ, ಹೆಸರೂ ಆ ನಿಜವಾದ ಮಗುವಿನದೇ. 1992ರಲ್ಲಿ 30 ವರ್ಷದ ಶಿಕ್ಷೆಯಾಯಿತು. 1998ರಲ್ಲಿ ಆ ನಾಲ್ಕು ಕೊಲೆಗಳಿಗೆ ಪೆರೋಲ್ ಇಲ್ಲದ ಜೀವಾವಧಿ. ತಾನು ನಿರಪರಾಧಿ ಎಂದೇ ಅವನ ವಾದ.

ನನ್ನನ್ನು ಕಾಡಿದ್ದು ಕಾದಂಬರಿಯಲ್ಲ, ಆ ಹಟ. ನನ್ನ ಬಟ್ಟೆ ಅಂಗಡಿಯವರಿಗೆ ನಾನು 'ಶಾರ್ಟ್ ಸರ್ಕ್ಯೂಟ್' ಎಂದು ಬರೆದರೆ ಸಾಕಿತ್ತು. ಓರ್‌ಗೆ ಆ ಪದವೇ ಅವಮಾನ. ಸುಮ್ಮನಿದ್ದಿದ್ದರೆ ನಾಲ್ಕು ಸಾವು ಕಡತದಲ್ಲಿ ಆಕಸ್ಮಿಕವಾಗಿಯೇ ಮುಚ್ಚಿಹೋಗುತ್ತಿದ್ದವು. ಅದನ್ನು ವಿದ್ಯುತ್ ತಂತಿಗೆ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ. 'ಎಲ್ಲರೂ ತಪ್ಪಿದ್ದನ್ನು ನಾನೊಬ್ಬನೇ ಕಂಡೆ' ಎನ್ನುವ ಹೆಮ್ಮೆಯೂ ಅದರಲ್ಲಿ ಸೇರಿತ್ತು ಎಂದು ನನ್ನ ಊಹೆ. ಕಸುಬಿನವನಾಗಿ ಹೇಳುತ್ತೇನೆ, ಆ ಹೆಮ್ಮೆಯ ರುಚಿ ನನಗೂ ಗೊತ್ತು. ಆ ಎರಡು ಮೊಳೆಗಳ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ!

ತಂಗಿಯ ಮಗಳು ಇನ್ನೊಂದು ಮಾತು ಹೇಳಿದಳು. ಎದುರು ನಿಂತು ಜಗಳವಾಡಲಾಗದವರು, ತಮ್ಮ ಮಾತಿಗೆ ಬೆಲೆಯಿಲ್ಲ ಎಂದುಕೊಂಡವರು ಬೆಂಕಿಯನ್ನೇ ಉಳಿದ ಒಂದೇ ದಾರಿ ಮಾಡಿಕೊಳ್ಳುತ್ತಾರೆ ಎಂದು 1987ರಲ್ಲಿ ಇಂಗ್ಲೆಂಡಿನ ಮನಃಶಾಸ್ತ್ರಜ್ಞರು ಬರೆದಿದ್ದಾರಂತೆ. ಮುಖ ನೋಡುವ ಅಗತ್ಯವಿಲ್ಲ, ಕತ್ತಲಲ್ಲಿ ಒಂದು ಕಡ್ಡಿ ಸಾಕು.

ಅದಕ್ಕೆ ನನಗೆ ಇಂಗ್ಲೆಂಡ್ ಬೇಕಿರಲಿಲ್ಲ. ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಹಿತ್ತಿಲ ಕಣಿಕೆ ಬಣವೆಗೆ ಯಾರೋ ಬೆಂಕಿ ಇಟ್ಟರು. ಆ ವರ್ಷದ ಮೇವೆಲ್ಲ ಹೋಯಿತು. 'ಯಾರೋ' ಎಂದರೆ ಊರಿಗೆಲ್ಲ ಗೊತ್ತಿತ್ತು: ಹೊಲದ ಬದುವಿನ ತಂಟೆಯಲ್ಲಿ ಪಂಚರ ಎದುರು ಬಾಯಿ ಬಿಡಲಾರದೆ ತಲೆ ತಗ್ಗಿಸಿಕೊಂಡು ಎದ್ದುಹೋಗಿದ್ದ ಪಕ್ಕದ ಹೊಲದವರು. ಮೆತ್ತಗಿನ ಮನುಷ್ಯ. ಆ ರಾತ್ರಿ ಕೊಡ ಹೊತ್ತು ಎಲ್ಲರಿಗಿಂತ ಮೊದಲು ಓಡಿ ಬಂದವರೂ ಅವರೇ, ಬೆಳಗಿನವರೆಗೆ ಬಾವಿಯಿಂದ ನೀರು ಸೇದಿದವರೂ ಅವರೇ. ಅಪ್ಪ ಪೊಲೀಸರಿಗೆ ದೂರು ಕೊಡಲಿಲ್ಲ. ಬೆಳಕು ಹರಿದ ಮೇಲೆ ಅಮ್ಮ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟಳು. ಅವರಿಗೂ ಕೊಟ್ಟಳು. ಅವರು ಲೋಟ ಹಿಡಿದು ಬಹಳ ಹೊತ್ತು ನಿಂತಿದ್ದರು, ಕುಡಿಯಲಿಲ್ಲ.