ಬಂದರಿನ ಗುಜರಿಯಲ್ಲಿ ಸಿಕ್ಕಿದ ಅರ್ಧಚಂದ್ರ ತಟ್ಟೆ

ಮಂಗಳೂರಿನ ಬಂದರು ಕಡೆ ಹೋದರೆ ಗುಜರಿ ಅಂಗಡಿಗೆ ಒಮ್ಮೆ ಇಣುಕದೆ ನಾನು ವಾಪಸ್ ಬರುವುದಿಲ್ಲ. ಹಳೇ ಮನೆ ಕೆಡವಿದಾಗ ಬಾಗಿಲು, ಕಿಟಕಿ, ಹಿತ್ತಾಳೆ ಪಾತ್ರೆಗೆಲ್ಲ ಬೇಗ ಗಿರಾಕಿ ಸಿಗುತ್ತಾರೆ. ಪಿಂಗಾಣಿ ಮಾತ್ರ ಮೂಲೆಗೆ ಬೀಳುತ್ತದೆ. ನನ್ನ ಕಣ್ಣು ಮೊದಲು ಹೋಗುವುದೇ ಆ ಮೂಲೆಗೆ.

ಕಳೆದ ಡಿಸೆಂಬರಿನ ಒಂದು ಶನಿವಾರ, ಗೋಣಿಚೀಲದ ಅಡಿಯಲ್ಲಿ ನಾಲ್ಕು ತಟ್ಟೆ ಕಂಡವು. ಬಿಳಿ ಮೈ, ಅಂಚಿಗೆ ನೀಲಿ ಹೂಬಳ್ಳಿ. ದುಂಡಗಿರಲಿಲ್ಲ, ಅರ್ಧಚಂದ್ರನ ಹಾಗೆ ಬಾಗಿದ್ದವು. ಉದ್ದ ಸುಮಾರು 6 ಇಂಚು.

"ಇದು ಎಂತದು ಕಾಕ?"

"ಆಸ್ಪತ್ರೆದ್ದು ಇರ್ಬೇಕು ಮೇಡಂ. ಇಂಜೆಕ್ಷನ್, ಹತ್ತಿ ಎಲ್ಲ ಇಡ್ತಾರಲ್ಲ, ಅದು. ನಾಲ್ಕಕ್ಕೆ ಇನ್ನೂರು ಕೊಡಿ."

ಕಾಕ ಹೇಳಿದ್ದು ಸುಮ್ನೆ ಅಲ್ಲ. ಆಸ್ಪತ್ರೆಯ ಕಿಡ್ನಿ ಟ್ರೇ ಕೂಡ ಹೀಗೇ ಬಾಗಿರುತ್ತದೆ. ಆದರೆ ಅದರ ಅಂಚು ಎತ್ತರ, ಒಳಗಿದ್ದದ್ದು ಚೆಲ್ಲಬಾರದು ಅಂತ. ಇದು ತೀರಾ ಚಪ್ಪಟೆ. ಮೇಲಿಂದ ಹೂಬಳ್ಳಿ ಬೇರೆ. ಚೌಕಾಸಿ ಮಾಡದೆ ತಂದೆ.

ಮನೆಯಲ್ಲಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೋನ್ ಚೈನಾ ಆಗಿದ್ದರೆ ಹಿಂದೆ ಇಟ್ಟ ಬೆರಳಿನ ನೆರಳು ಕಾಣಬೇಕು. ಇಲ್ಲಿ ಏನೂ ಕಾಣಲಿಲ್ಲ. ಅಂದರೆ ಮಾಮೂಲಿ ಮಣ್ಣಿನ ಮೈ, ಮೇಲೆ ಗಾಜಿನ ಹೊಳಪು. ಆ ಹೊಳಪಿನಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ. ಬಳ್ಳಿಯನ್ನು ಬೆರಳಲ್ಲಿ ಹಿಂಬಾಲಿಸುತ್ತಾ ಹೋದೆ. ಒಂದು ಕಡೆ ಒಂದು ಎಲೆ ಅರ್ಧಕ್ಕೇ ತುಂಡಾಗಿ, ಪಕ್ಕದಿಂದ ಬೇರೆ ಹೂವು ಶುರುವಾಗಿತ್ತು. ಚಿತ್ರದ ಕಾಗದ ಅಂಟಿಸಿ ಅಚ್ಚು ಇಳಿಸುವಾಗ ಎರಡು ತುದಿ ಕೂಡುವ ಜಾಗ ಅದು. ಕೈಯಲ್ಲಿ ಬರೆದ ಬಳ್ಳಿ ಹಾಗೆ ತುಂಡಾಗುವುದಿಲ್ಲ, ಅಲ್ವಾ?

ನಿಜವಾದ ಜಾತಕ ಇದ್ದದ್ದು ತಟ್ಟೆಯ ಬೆನ್ನಿನಲ್ಲಿ. ನೀಲಿ ಅಕ್ಷರದಲ್ಲಿ 'ಇಂಗ್ಲೆಂಡ್' ಎಂಬ ಒಂದೇ ಪದ. ಅದರ ಕೆಳಗೆ 'ಆರ್‌ಡಿ ನಂ.' ಅಂತ, 21ರಿಂದ ಶುರುವಾಗುವ ಆರು ಅಂಕಿ. ಬರೀ ದೇಶದ ಹೆಸರಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಬರೆಯಲೇಬೇಕಿತ್ತು. 'ಮೇಡ್ ಇನ್ ಇಂಗ್ಲೆಂಡ್' ಅಂತ ಇದ್ದರೆ ಹೆಚ್ಚಾಗಿ 20ನೇ ಶತಮಾನದ್ದು. ಇನ್ನು ಆ ನಂಬರು, ವಿನ್ಯಾಸವನ್ನು ಬ್ರಿಟನ್ನಿನಲ್ಲಿ ನೋಂದಾಯಿಸಿದ ಗುರುತು. 1884ರಲ್ಲಿ 1ರಿಂದ ಶುರುವಾಗಿ, 1893ರ ಆರಂಭಕ್ಕೆ 205240 ತಲುಪಿತ್ತು, 1894ರ ಆರಂಭಕ್ಕೆ 224720. ನನ್ನ ತಟ್ಟೆಯದ್ದು ಇವೆರಡರ ಮಧ್ಯೆ. ಹಾಗಾಗಿ ವಿನ್ಯಾಸ 1893ರದ್ದು, ತಟ್ಟೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನೂರ ಮೂವತ್ತು ವರ್ಷದ ಹತ್ತಿರದ ಒಂದು ಸಾಮಾನು ನಮ್ಮ ಅಡುಗೆಕೋಣೆಯ ಕಟ್ಟೆಯ ಮೇಲಿದೆ ಅನ್ನುವಾಗ ಕೈ ತಾನಾಗಿ ಮೆಲ್ಲಗಾಯಿತು.

ಆದರೂ ಇದು ಯಾತಕ್ಕೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಅಮ್ಮ ಬಟ್ಟಲಿನ ಅಂಚಿನಲ್ಲಿ ಮುಳ್ಳು ಗುಡ್ಡೆ ಹಾಕುತ್ತಿದ್ದರು. ಮೇಜಿನ ಮೇಲಿದ್ದ ತಟ್ಟೆಯೊಂದನ್ನು ಎಡಗೈಯಿಂದ ಹತ್ತಿರ ಎಳೆದುಕೊಂಡರು. ಅದರ ಒಳಬಾಗು ದುಂಡು ಬಟ್ಟಲಿಗೆ ಸರಿಯಾಗಿ ಒರಗಿ ಕೂತಿತು.

"ನೋಡು, ಮುಳ್ಳು ಹಾಕ್ಲಿಕ್ಕೆ ಸರೀ ಉಂಟು."

ಆಮೇಲೆ ಹುಡುಕಿ ನೋಡಿದರೆ ಅಮ್ಮ ಹೇಳಿದ್ದೇ ನಿಜ. ಹೆಸರು ಬೋನ್ ಡಿಶ್. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷರ ಊಟದ ಮೇಜಿನಲ್ಲಿ, ಮೀನಿನ ಮುಳ್ಳು ಮತ್ತು ಮೂಳೆ ತೆಗೆದಿಡಲು ಪ್ರತಿಯೊಬ್ಬರ ತಟ್ಟೆಯ ಪಕ್ಕ ಒಂದೊಂದು ಇರುತ್ತಿತ್ತು. ಇದೇ ಆಕಾರದ ಸಲಾಡ್ ತಟ್ಟೆಯೂ ಉಂಟು, ಅದು ಸ್ವಲ್ಪ ದೊಡ್ಡದು. ಅಳತೆ ನೋಡದೆ ಕೊಂಡರೆ ಮೋಸ ಹೋಗುತ್ತೇವೆ. ಹೆಸರು ಗೊತ್ತಿಲ್ಲದೆಯೂ ಅಮ್ಮನ ಕೈಗೆ ಅದರ ಕೆಲಸ ಗೊತ್ತಾಗಿತ್ತು. ದಿನಾ ಮೀನು ತಿನ್ನುವ ಕೈ ಅದು.

ಅಮ್ಮನಿಗೆ ಇನ್ನು ದಿನಾ ಅದೇ ಬೇಕಂತೆ. ನಾನು ಒಪ್ಪಲಿಲ್ಲ. ಹಳೇ ಪಿಂಗಾಣಿಯ ಹೊಳಪಿನಲ್ಲಿ ಸೀಸ ಇರಬಹುದು. ಬಿರುಕು ಬಿಟ್ಟದ್ದಕ್ಕೆ ಹುಳಿ ತಾಗಿದರೆ ಒಳ್ಳೆಯದಲ್ಲ, ನಮ್ಮ ಪುಳಿಮುಂಚಿಯಲ್ಲಿ ಹುಣಸೆಹುಳಿ ಜಾಸ್ತಿಯೇ ಇರುತ್ತದೆ. ನಾಲ್ಕನ್ನೂ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದನ್ನು ಬೆನ್ನು ಕಾಣುವ ಹಾಗೆ.

ಕಾಕನ ಹತ್ತಿರ ಹೇಳಿ ಬಂದಿದ್ದೇನೆ, ಇದೇ ನೀಲಿ ಬಳ್ಳಿಯ ದುಂಡು ತಟ್ಟೆ ಬಂದರೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ ಅಂತ.