ಚೆನ್ನಾಗಿ ಹಾಡುವವಳು ಕೋರಸ್ ನಡೆಸಬಲ್ಲಳೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಹಿಳೆಯರ ಬಾರ್ಬರ್‌ಶಾಪ್ ಕೋರಸ್‌ನಲ್ಲಿ ನಿರ್ದೇಶಕಿ ಬಿಟ್ಟು ಹೊರಟಾಗ ತಪ್ಪದೆ ಏಳುವ ಪ್ರಶ್ನೆ ಇದು: "ನಮ್ಮಲ್ಲೇ ಒಬ್ಬಳು ತುಂಬ ಚೆನ್ನಾಗಿ ಹಾಡುತ್ತಾಳೆ, ಅವಳನ್ನೇ ಮುಂದೆ ನಿಲ್ಲಿಸಿದರೆ ಆಗದೇ?" ಆಗುತ್ತದೆ. ಆದರೆ ಆ ಕೆಲಸ ಶುರುವಾಗಬೇಕಿದ್ದದ್ದು ಎರಡು ವರ್ಷ ಮೊದಲು, ಹಳೆಯ ನಿರ್ದೇಶಕಿ ಇನ್ನೂ ಇದ್ದಾಗ. ಹಾಡುವವಳು ತನ್ನ ದನಿಯನ್ನು ಕೇಳಿಕೊಂಡು ಬೆಳೆದಿರುತ್ತಾಳೆ. ನಡೆಸುವವಳಿಗೆ ನಾಲ್ಕು ದನಿಗಳ ನಡುವಿನ ಅಂತರ ಕೇಳಬೇಕು. ಈ ಕಿವಿ ಬರಲು ಸಮಯ ಹಿಡಿಯುತ್ತದೆ.

ಹೊಸಬರಿಗೆ ಎರಡು ಮಾತು. ವಾದ್ಯವಿಲ್ಲದೆ ನಾಲ್ಕು ದನಿಗಳಲ್ಲಿ ಹಾಡುವ ಪದ್ಧತಿ ಇದು. ಹಾಡಿನ ಧಾಟಿ ಲೀಡ್‌ನದು. ಅದರ ಮೇಲೆ ಹಗುರವಾಗಿ ಟೆನರ್, ತಳದಲ್ಲಿ ಬೇಸ್. ಉಳಿದ ಸ್ವರ ಬ್ಯಾರಿಟೋನ್‌ನದು, ಅದು ಲೀಡ್‌ನ ಮೇಲೂ ಕೆಳಗೂ ಓಡಾಡುತ್ತದೆ. ಆಫ್ರಿಕನ್ ಅಮೆರಿಕನ್ನರ ಹಾಡುಗಾರಿಕೆಯಿಂದ ಬೆಳೆದ ಕಲೆ. ಗಂಡಸರ ಸಂಘ 1938ರಲ್ಲಿ ಒಕ್ಲಹೋಮದ ಟಲ್ಸಾದಲ್ಲಿ ಹುಟ್ಟಿತು. ಅದೇ ಊರಿನಲ್ಲಿ 1945ರಲ್ಲಿ ಎಡ್ನಾ ಮೇ ಆಂಡರ್ಸನ್ 'ಸ್ವೀಟ್ ಅಡಲೈನ್ಸ್' ಎಂಬ ಹೆಂಗಸರ ಸಂಘ ಕಟ್ಟಿದರು. 1958ರಲ್ಲಿ ಆ ಸಂಘ ಸದಸ್ಯತ್ವವನ್ನು ಬಿಳಿಯ ಹೆಂಗಸರಿಗೆ ಮಾತ್ರ ಸೀಮಿತಗೊಳಿಸಿದಾಗ ಕೆಲವು ಕೋರಸ್‌ಗಳು ಹೊರಬಂದು 1959ರಲ್ಲಿ 'ಹಾರ್ಮನಿ ಇಂಕ್' ಆದವು. 1966ರಲ್ಲಿ ಆ ನಿಯಮ ಹೋಯಿತು. ಕಲೆಯನ್ನು ಕೊಟ್ಟವರನ್ನೇ ಹೊರಗಿಟ್ಟ ಈ ಸಂಗತಿ ಕೋರಸ್ ನಡೆಸುವ ಪ್ರತಿಯೊಬ್ಬಳಿಗೂ ಗೊತ್ತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಕಿವಿಯ ವಿಷಯ. ಬಾರ್ಬರ್‌ಶಾಪ್‌ನ ಜೀವಾಳ ಒಂದು ಸ್ವರಗುಚ್ಛ: ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಕಂಪನಗಳ ಅನುಪಾತ 4:5:6:7 ಇದ್ದಾಗ ಅದು 'ಲಾಕ್' ಆಗುತ್ತದೆ, ಯಾರೂ ಹಾಡದ ಮೇಲಿನ ಸ್ವರವೊಂದು ತಲೆಯ ಮೇಲೆ ಮೊಳಗುತ್ತದೆ. ಕೀಬೋರ್ಡಿನ ಗಾಂಧಾರಕ್ಕಿಂತ ಈ ಗಾಂಧಾರ ಸುಮಾರು 14 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ, ನಿಷಾದ ಸುಮಾರು 31 ಸೆಂಟ್ ಕೆಳಗೆ. ಎಂದರೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು. ಹೀಗಾಗಿ ಪ್ರತಿ ಸ್ವರವನ್ನೂ ಪಿಯಾನೋ ಒತ್ತಿ ತಿದ್ದುವ ಅಭ್ಯಾಸ ಇಲ್ಲಿ ಕಿವಿ ಕೆಡಿಸುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಏಳುವ ಸ್ವಯಂಭೂ ಗಾಂಧಾರವನ್ನು ಕೇಳಿ ಬೆಳೆದ ನಮ್ಮವರು ಹೊರದೇಶದ ಕೋರಸ್ ಸೇರಿದಾಗ ಈ ಒಂದು ಪಾಠದಲ್ಲಿ ಅವರಿಗೆ ಅರ್ಧ ದಾರಿ ಸವೆದಿರುತ್ತದೆ, ಏಕೆಂದರೆ ಎರಡೂ ಕಡೆ ಗಾಂಧಾರ 5:4ರದೇ.

ಈ ಕಿವಿಯನ್ನು ಬೆಳೆಸಲು ನನಗೆ ಗೊತ್ತಿರುವ ಉತ್ತಮ ಸಾಧನ ಜೋಡಿ ಹಾಡಿಕೆ. ಮೊದಲು ಲೀಡ್ ಮತ್ತು ಬೇಸ್ ಮಾತ್ರ, ನಾಲ್ಕೇ ಬಾರ್ (ತಾಳದ ಸುತ್ತು). ಅದು ನಿಂತ ಮೇಲೆ ಬ್ಯಾರಿಟೋನ್, ಕೊನೆಗೆ ಟೆನರ್. ಪ್ರತಿ ಸಲವೂ ಕಲಿಯುವವಳು ಬಾಯಿ ಮುಚ್ಚಿ ನಿಂತು ಏನು ಕೆಟ್ಟಿತೆಂದು ಹೇಳಬೇಕು. ಶುರುವಿನಲ್ಲಿ ಎಲ್ಲರೂ "ಶ್ರುತಿ ಇಳಿಯಿತು" ಎಂದಷ್ಟೇ ಹೇಳುತ್ತಾರೆ. ಎಲ್ಲಿ, ಯಾರಿಂದ, ಏಕೆ ಎಂಬುದು ಬೇಕು. ಒಂದೇ ಸ್ವರ ಮತ್ತೆ ಮತ್ತೆ ಬಂದಾಗ ಪ್ರತಿ ಸಲ ಕೂದಲೆಳೆಯಷ್ಟು ಇಳಿಯುವುದು ಸಾಮಾನ್ಯ. ಏರುವ ಹೆಜ್ಜೆ ಚಿಕ್ಕದಾಗುತ್ತದೆ, ಇಳಿಯುವ ಹೆಜ್ಜೆ ದೊಡ್ಡದಾಗುತ್ತದೆ. ಇನ್ನು ಎಷ್ಟೋ ಸಲ ಸ್ವರ ಸರಿಯಿದ್ದೂ ಬೇಸುರ ಕೇಳುತ್ತದೆ: ಅದು ಬಹುತೇಕ ಸ್ವರಾಕ್ಷರದ ದೋಷ. 'ನೈಟ್' ಎಂಬ ಪದದ 'ಐ'ಯನ್ನು ಎಳೆಯುವಾಗ ಅರ್ಧ ಜನ 'ಆ' ಹಿಡಿದಿರುತ್ತಾರೆ, ಉಳಿದವರು ಆಗಲೇ 'ಇ'ಗೆ ಜಾರಿರುತ್ತಾರೆ. 'ಆ'ದಲ್ಲೇ ಪೂರ್ತಿ ನಿಂತು ಕೊನೆಯ ಕ್ಷಣಕ್ಕೆ 'ಇ'ಗೆ ಬಂದರೆ ಶ್ರುತಿಯ ದೂರು ಅರ್ಧ ತಾನಾಗಿ ಹೋಗುತ್ತದೆ.

ಬಲದ ಲೆಕ್ಕವೂ ಬೇಕು. 40 ಜನರ ಕೋರಸ್‌ನಲ್ಲಿ ಸುಮಾರು 15 ಲೀಡ್, 12 ಬೇಸ್, 8 ಬ್ಯಾರಿಟೋನ್, 5 ಟೆನರ್ ಇದ್ದರೆ ಗೋಪುರದ ಆಕಾರ ಬರುತ್ತದೆ: ಬುಡ ಅಗಲ, ತುದಿ ಸಣ್ಣ. ಹತ್ತು ಟೆನರ್‌ಗಳು ತುಂಬು ದನಿಯಲ್ಲಿ ಹಾಡಿದರೆ ಆ ಗೋಪುರ ತಲೆಕೆಳಗಾಗುತ್ತದೆ.

ಜವಾಬ್ದಾರಿಯನ್ನು ತುಣುಕು ತುಣುಕಾಗಿ ಕೊಡಿ. ಮೊದಲ ಮೂರು ತಿಂಗಳು ಪಿಚ್ ಪೈಪ್ (ಶ್ರುತಿ ಕೊಡಲು ಊದುವ ಪುಟ್ಟ ಸಾಧನ) ಮತ್ತು ಆರಂಭದ ಹತ್ತು ನಿಮಿಷದ ದನಿ ಅಭ್ಯಾಸ. ಪಿಚ್ ಪೈಪ್‌ನಲ್ಲಿ ಊದುವುದು ಹಾಡಿನ ಆಧಾರ ಷಡ್ಜವನ್ನು. ಯಾರ ಮೊದಲ ಸ್ವರವನ್ನೂ ಅಲ್ಲ. ಹಾಡು ಮುಗಿದಾಗ ಮತ್ತೆ ಮೆಲ್ಲಗೆ ಊದಿ ಎಷ್ಟು ಇಳಿದಿದೆ ಎಂದು ಬರೆದಿಡಲಿ. ಆಮೇಲೆ ತನ್ನದೇ ವಿಭಾಗ: ಕಲಿಕೆಯ ಧ್ವನಿಮುದ್ರಣ ಕೇಳಿ ಬಂದ ಪ್ರತಿಯೊಬ್ಬಳ ಸ್ವರ ಪರೀಕ್ಷಿಸುವುದು, ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷದ ದನಿಪಾಠ. ಈ ಹತ್ತು ನಿಮಿಷಗಳೇ ನಾಯಕಿಯನ್ನು ಹೆಚ್ಚು ಬೆಳೆಸುತ್ತವೆ ಎಂದು ನಾನು ನಂಬಿದ್ದೇನೆ, ಏಕೆಂದರೆ ಅಲ್ಲಿ ಗುಂಪಿನ ಸದ್ದಿನಲ್ಲಿ ಅಡಗಿಕೊಳ್ಳಲು ಯಾರಿಗೂ ಆಗುವುದಿಲ್ಲ. ಮೂರನೆಯದು ಟ್ಯಾಗ್, ಎಂದರೆ ಹಾಡಿನ ಕೊನೆಯ ಕೆಲವೇ ಬಾರ್‌ಗಳ ಮುಕ್ತಾಯ. ಒಬ್ಬಳು ದೀರ್ಘ ಸ್ವರ ಹಿಡಿದಿರುವಾಗ ಉಳಿದವರು ಅದರ ಸುತ್ತ ಚಲಿಸುವ ಈ ಭಾಗವನ್ನು ಎಂಟು ನಿಮಿಷದಲ್ಲಿ ಕಲಿಸಿ ನಡೆಸಬಹುದು. ಪೂರ್ತಿ ಹಾಡು ಕೊಡುವಾಗ ಚುರುಕು ನಡೆಯದನ್ನೇ ಕೊಡಿ. ಅದರ ತಾಳ ಹೊಸಬಳನ್ನು ಹೊತ್ತೊಯ್ಯುತ್ತದೆ. ನಿಧಾನದ ಬ್ಯಾಲಡ್‌ನಲ್ಲಿ ಲೆಕ್ಕದ ತಾಳವಿಲ್ಲ, ಸಾಲಿನ ಭಾವವೇ ಕಾಲ. ಅದು ಎರಡನೇ ವರ್ಷಕ್ಕಿರಲಿ. ಸ್ವೀಟ್ ಅಡಲೈನ್ಸ್‌ನಲ್ಲಿ ನಿರ್ದೇಶಕರಿಗೆಂದೇ ಪ್ರಮಾಣಪತ್ರದ ಕಾರ್ಯಕ್ರಮವಿದೆ, ಅದನ್ನು ಈ ಹೊತ್ತಿಗೆ ಶುರುಮಾಡಿದರೆ ಓದಿದ್ದು ಕೈಗೆ ಹತ್ತುತ್ತದೆ.

ಮುಂದೆ ನಿಂತವಳ ದೊಡ್ಡ ತಪ್ಪು ಜೊತೆಯಲ್ಲಿ ಹಾಡುವುದು. ಹಾಡಿದ ಕೂಡಲೇ ಎದುರಿನ ಸದ್ದು ಕೇಳುವುದು ನಿಲ್ಲುತ್ತದೆ. ಎರಡನೆಯದು ಎದೆಗಿಂತ ಮೇಲೆ ಹಾರಾಡುವ ಕೈಗಳು: ಕೈ ಏರಿದರೆ ಹಾಡುವವರ ಭುಜ ಏರುತ್ತದೆ, ಗಂಟಲು ಬಿಗಿಯುತ್ತದೆ. ಅವಳು ಉಸಿರು ಎಳೆದಂತೆಯೇ ಕೋರಸ್ ಉಸಿರೆಳೆಯುತ್ತದೆ, ಆದ್ದರಿಂದ ಮೊದಲ ಅಕ್ಷರದ ಬಾಯಾಕಾರದಲ್ಲಿ, ಹಾಡಿನ ನಡೆಯಲ್ಲೇ ಎಳೆಯಬೇಕು. ಮೂರನೆಯದು ಮಾತು. ಒಂದು ಸೂಚನೆ, ಹತ್ತು ಪದದೊಳಗೆ, ತಕ್ಷಣ ಹಾಡು. "ಒರಟಾಗಿ ಹಾಡಬೇಡಿ" ಎಂದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಈ ಸಾಲನ್ನು ಒಂದೇ ಉಸಿರಿನಲ್ಲಿ" ಎಂದರೆ ತಿಳಿಯುತ್ತದೆ.

ಹಿರಿಯ ನಿರ್ದೇಶಕಿಯ ತಪ್ಪು ಇನ್ನೂ ದುಬಾರಿ. ಕಲಿಯುವವಳ ಪಕ್ಕದಲ್ಲಿ ನಿಂತು ತಿದ್ದಿದರೆ ಎಲ್ಲರ ಕಣ್ಣೂ ಅವರತ್ತಲೇ ಹೋಗುತ್ತದೆ. ಅವರು ರೈಸರ್ (ಕೋರಸ್ ಸಾಲಾಗಿ ನಿಲ್ಲುವ ಮೆಟ್ಟಿಲು) ಏರಿ, ತಮ್ಮ ಭಾಗವನ್ನು ಹಾಡುತ್ತ, ಅವಳ ಕೈಯನ್ನೇ ಅನುಸರಿಸಬೇಕು. ಹಾಡುವವರ ಸಾಲಿನಲ್ಲಿ ಒಂದು ಕ್ಯಾಮೆರಾ ಅವಳ ಕಡೆಗೆ ಮುಖ ಮಾಡಿರಲಿ. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಕೂತು ನೋಡಲಿ, ಮೊದಲು ಅವಳೇ ಮಾತಾಡಲಿ, ಮುಂದಿನ ವಾರಕ್ಕೆ ತಿದ್ದಿಕೊಳ್ಳಲು ಒಂದೇ ಒಂದು ಅಂಶವನ್ನು ಆರಿಸಿಕೊಳ್ಳಲಿ.